ನೋಡಿದರೆ ತಪ್ಪೇನು ಎನ್ನುವವರಿಗೆ

ಜವಳಿ ಅಂಗಡಿಯ ಕೈಚೀಲದ ತುಂಬ ಕಾಗದ ತಂದಿದ್ದಳು ಆ ಹೆಣ್ಣುಮಗಳು. ಅರಸೀಕೆರೆ ಕಡೆಯವಳು, ವಯಸ್ಸು 29, ಮದುವೆಯಾಗಿ ಐದು ವರ್ಷ. ಪಕ್ಕದಲ್ಲಿ ಅತ್ತೆ. ಗಂಡ ಹೊರಗೆ ಬೈಕಿನ ಹತ್ತಿರ ನಿಂತಿದ್ದಾನೆ ಅಂದರು. ಚೀಲದಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದೆ. ಆರು ಸ್ಕ್ಯಾನಿಂಗ್ ರಿಪೋರ್ಟು, ಟ್ಯೂಬ್ ಟೆಸ್ಟಿನ ಎಕ್ಸ್‌ರೇ ಫಿಲ್ಮು, ಥೈರಾಯ್ಡು, ಪ್ರೊಲ್ಯಾಕ್ಟಿನ್, ಎಎಂಎಚ್. ಎರಡು ಸಿಡಿ. ಆ ಎರಡು ಸಿಡಿಗಳಲ್ಲಿ ಇದ್ದದ್ದು ಅವಳ ಗರ್ಭಕೋಶದ ಒಳಗಿನ ಚಿತ್ರ. ಮೂರು ವರ್ಷದ ಹಿಂದೆ ಒಂದು ಸಲ, ಕಳೆದ ವರ್ಷ ಇನ್ನೊಂದು ಸಲ, ಬೇರೆ ಬೇರೆ ಊರಿನ ಬೇರೆ ಬೇರೆ ಆಸ್ಪತ್ರೆಯಲ್ಲಿ ನಿದ್ದೆ ಇಂಜೆಕ್ಷನ್ ಕೊಟ್ಟು ಒಳಗೆ ಕ್ಯಾಮೆರಾ ಹಾಕಿ ನೋಡಿದ್ದಾರೆ. ಎರಡು ರಿಪೋರ್ಟಿನಲ್ಲೂ ಒಂದೇ ಮಾತು: ನಾರ್ಮಲ್. ಕಾಗದಗಳ ನಡುವೆ ನಾಲ್ಕು ಮಡಿಕೆ ಮಾಡಿದ ಇನ್ನೊಂದು ಚೀಟಿ ಸಿಕ್ಕಿತು. ಬಿಚ್ಚಿದರೆ ಸಹಕಾರ ಸಂಘದಲ್ಲಿ ಸರ ಅಡವಿಟ್ಟ ರಸೀದಿ. ಅವಳು ಕೈ ಚಾಚಿ ಅದನ್ನು ಮೆಲ್ಲಗೆ ಎಳೆದುಕೊಂಡಳು.

"ಈಗ ಐವಿಎಫ್ ಮಾಡೋಣ ಅಂದಿದಾರೆ ಮೇಡಂ. ಅದಕ್ಕೆ ಮುಂಚೆ ಗರ್ಭಕೋಶ ಒಂದ್ಸಲ ಒಳಗಡೆ ನೋಡ್ಬೇಕಂತೆ. ನೋಡಿಸ್ಲಾ ಬೇಡ್ವಾ ಅಂತ ಕೇಳಕ್ಕೆ ಬಂದ್ವಿ."

ನಾನು ಮತ್ತೆ ಎಲ್ಲ ಕಾಗದ ತಿರುವಿದೆ. ಗಂಡನ ವೀರ್ಯ ಪರೀಕ್ಷೆಯ ರಿಪೋರ್ಟು ಇರಲಿಲ್ಲ. ಮಾಡಿಸಿದ್ದೀರಾ ಅಂತ ಕೇಳಿದರೆ ಅತ್ತೆಯೇ ಉತ್ತರ ಕೊಟ್ಟರು: "ಅವನಿಗೇನೂ ತೊಂದ್ರೆ ಇಲ್ಲ ಡಾಕ್ಟ್ರಮ್ಮ, ಗಟ್ಟಿಮುಟ್ಟಾಗವ್ನೆ."

ಎರಡು ಸಲ ನೋಡಿದ ಗರ್ಭಕೋಶವನ್ನು ಮೂರನೇ ಸಲ ನೋಡಬೇಕು, ಒಂದು ಸಲವೂ ನೋಡದ ಗಂಡಸಿನದನ್ನು ಯಾರೂ ಕೇಳುವುದಿಲ್ಲ. ಈ ಲೇಖನ ಬರೆಯಲು ಆ ಮಧ್ಯಾಹ್ನವೇ ಕಾರಣ. ಆದರೆ ನನ್ನ ತಕರಾರು ಆ ಒಬ್ಬ ವೈದ್ಯರ ಮೇಲೆ ಅಲ್ಲ. ನಮ್ಮ ವೃತ್ತಿಯೊಳಗೆ, ನಮ್ಮ ಊರುಕೇರಿಗಳಲ್ಲಿ, ಪ್ರಶ್ನೆಯೇ ಇಲ್ಲದ ಸತ್ಯದ ಹಾಗೆ ಓಡಾಡುತ್ತಿರುವ ಒಂದು ನಂಬಿಕೆಯ ಮೇಲೆ. ಮಗು ಆಗದಿರುವುದಕ್ಕೆ ಕಾರಣ ಸಿಕ್ಕದೇ ಹೋದಾಗ, ಚಿಕಿತ್ಸೆಗೆ ಮುಂಚೆ ಗರ್ಭಕೋಶದ ಒಳಗೆ ಹಿಸ್ಟರೋಸ್ಕೋಪಿ ಮಾಡಿ ಒಮ್ಮೆ ನೋಡಿಬಿಡಬೇಕು, ನೋಡಿದರೆ ಲಾಭವೇ ಹೊರತು ನಷ್ಟವಿಲ್ಲ ಎನ್ನುವುದು ಆ ನಂಬಿಕೆ. ಸ್ಕ್ಯಾನಿಂಗ್ ಸರಿಯಾಗಿದ್ದು, ಬೇರೆ ಯಾವ ದೂರೂ ಇಲ್ಲದ ಹೆಂಗಸಿನ ವಿಷಯದಲ್ಲಿ ಇದು ತಪ್ಪು ಎಂದು ನಾನು ಹೇಳುತ್ತಿದ್ದೇನೆ. ಒಂದು ಕಾಲದಲ್ಲಿ ನಾನೂ ಇದನ್ನೇ ನಂಬಿದ್ದೆ, ಇದನ್ನೇ ಮಾಡಿದ್ದೆ. ಆ ಹೆಂಗಸರಲ್ಲಿ ಕೆಲವರ ಮುಖ ಇನ್ನೂ ನೆನಪಿದೆ.

ಮೊದಲು ಈ ಪರೀಕ್ಷೆ ಏನೆಂದು ಹೇಳಬೇಕು. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಕೊಳವೆ, ಅದರೊಳಗೆ ಲೆನ್ಸು ಮತ್ತು ಬೆಳಕು. ಯೋನಿಯ ಮೂಲಕ ಗರ್ಭಕೋಶದ ಬಾಯಿ ದಾಟಿಸಿ, ಸಲೈನ್ ಬಿಟ್ಟು, ಒಂದಕ್ಕೊಂದು ಅಂಟಿಕೊಂಡಿರುವ ಗೋಡೆಗಳನ್ನು ಸ್ವಲ್ಪ ಉಬ್ಬಿಸಿ ಒಳಗೆ ನೋಡುತ್ತೇವೆ. ಕೈ ಪಳಗಿದವರಿಗೆ ಐದು ನಿಮಿಷದ ಕೆಲಸ, ಅರಿವಳಿಕೆಯೂ ಬೇಕಿಲ್ಲ. ಆದರೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅದು ಹಾಗೆ ನಡೆಯುವುದು ಕಡಿಮೆ. ಹೊಟ್ಟೆಗೆ ಸಣ್ಣ ತೂತು ಮಾಡಿ ನೋಡುವ ಲ್ಯಾಪರೋಸ್ಕೋಪಿಯನ್ನೂ ಸೇರಿಸಿ "ಲ್ಯಾಪ್-ಹಿಸ್ಟರೋ" ಅಂತ ಒಂದೇ ಹೆಸರಿನಲ್ಲಿ ಬರೆಯುತ್ತೇವೆ. ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ, ಬೆಳಿಗ್ಗೆ ಹಸಿರು ಗೌನು, ಥಿಯೇಟರು, ಪೂರ್ತಿ ಅರಿವಳಿಕೆ. ಹೇಗೂ ಒಳಗೆ ಹೋಗಿದ್ದೇವಲ್ಲ ಅಂತ ಕೊನೆಗೆ ಒಂದಿಷ್ಟು ಕೆರೆದು ಒಳಪದರದ ಚೂರು ಲ್ಯಾಬಿಗೆ. ಬಿಲ್ಲು ಹತ್ತಾರು ಸಾವಿರ. ವಿಮೆ ಇದ್ದವರಿಗೂ ಮಕ್ಕಳಾಗದ ಚಿಕಿತ್ಸೆಯ ಖರ್ಚು ಬಹುಮಟ್ಟಿಗೆ ಸ್ವಂತ ಕೈಯಿಂದಲೇ.

1869ರಲ್ಲಿ ಪ್ಯಾಂಟಲಿಯೋನಿ ಎಂಬ ವೈದ್ಯರು ಜೀವಂತ ಹೆಂಗಸಿನ ಗರ್ಭಕೋಶದ ಒಳಗನ್ನು ಮೊದಲ ಸಲ ಕಣ್ಣಾರೆ ಕಂಡದ್ದು. ಆಕೆಗೆ 60 ವರ್ಷ, ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿತ್ತು. ಅವರು ನೋಡಿದರು, ಪಾಲಿಪ್, ಅಂದರೆ ಒಳಪದರದಿಂದ ಬೆಳೆದ ಸಣ್ಣ ಗಂಟು, ಕಂಡಿತು, ಸಿಲ್ವರ್ ನೈಟ್ರೇಟಿನಿಂದ ಸುಟ್ಟರು. ಒಂದು ದೂರಿಗೆ ಉತ್ತರ ಹುಡುಕಿಕೊಂಡು ಹುಟ್ಟಿದ ಪರೀಕ್ಷೆ ಇದು. ಆ ಮಟ್ಟಿಗೆ ಅದನ್ನು ನಾನು ಇಂದಿಗೂ ಗೌರವಿಸುತ್ತೇನೆ, ವಾರಕ್ಕೆ ಒಂದೆರಡು ಸಲ ಮಾಡುತ್ತೇನೆ ಕೂಡ. ದೂರೇ ಇಲ್ಲದ ಕಡೆ ಅದನ್ನು ವಾಡಿಕೆಯಂತೆ ಎಲ್ಲರ ಮೇಲೂ ಹೇರುವುದರ ಬಗ್ಗೆ ನನ್ನ ಜಗಳ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2004ರಲ್ಲಿ ಟರ್ಕಿಯಿಂದ 421 ಹೆಂಗಸರ ಅಧ್ಯಯನ ಬಂತು. 2006ರಲ್ಲಿ ನಮ್ಮ ವಿಶಾಖಪಟ್ಟಣದಿಂದ 520 ಹೆಂಗಸರದು. ಎರಡೂ ಐವಿಎಫ್ ಸೋತವರ ಮೇಲೆ ಮಾಡಿದ್ದು, ಎರಡರಲ್ಲೂ ಒಳಗೆ ನೋಡಿಸಿಕೊಂಡವರಿಗೆ ಹೆಚ್ಚು ಬಸಿರು ನಿಂತಿತ್ತು. ನಾವೆಲ್ಲ ಸಮ್ಮೇಳನಗಳಲ್ಲಿ ಆ ಸ್ಲೈಡುಗಳನ್ನು ನೋಡಿ ತಲೆದೂಗಿದೆವು. 2010ರಲ್ಲಿ ಇನ್ನೊಂದು ವರದಿ: ಸ್ಕ್ಯಾನಿಂಗ್ ನಾರ್ಮಲ್ ಇದ್ದ, ಯಾವ ತೊಂದರೆಯೂ ಇಲ್ಲದ 678 ಹೆಂಗಸರಿಗೆ ಕ್ಯಾಮೆರಾ ಹಾಕಿದರೆ ಶೇ 11 ಮಂದಿಯಲ್ಲಿ ಏನಾದರೊಂದು ಕಂಡಿತ್ತು. ಸಣ್ಣ ಪಾಲಿಪ್ಪು, ಎಳೆಯಷ್ಟು ಅಂಟು, ನಡುಗೋಡೆ. ನೂರರಲ್ಲಿ ಹನ್ನೊಂದು! ನೋಡದೇ ಬಿಡುವುದು ಹೇಗೆ ಅಂತ ನಾನೂ ಕೇಳಿದ್ದೆ.

ಆ ಪ್ರಶ್ನೆಗೆ ಉತ್ತರ 2016ರಲ್ಲಿ ಬಂತು, ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಜೋಡಿಯಾಗಿ. ನೆದರ್ಲೆಂಡ್ಸಿನ 22 ಆಸ್ಪತ್ರೆಗಳು ಸೇರಿ ಮಾಡಿದ ಇನ್‌ಸೈಟ್ ಅಧ್ಯಯನ ಒಂದು. ಮೊದಲ ಸಲ ಐವಿಎಫ್‌ಗೆ ಹೊರಟ, ಸ್ಕ್ಯಾನಿಂಗ್ ಸರಿಯಾಗಿದ್ದ 750 ಹೆಂಗಸರು. ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಅರ್ಧ ಜನಕ್ಕೆ ಮೊದಲು ಹಿಸ್ಟರೋಸ್ಕೋಪಿ, ಕಂಡದ್ದನ್ನು ಅಲ್ಲೇ ಸರಿಪಡಿಸಿ ಆಮೇಲೆ ಐವಿಎಫ್. ಇನ್ನರ್ಧಕ್ಕೆ ನೇರ ಐವಿಎಫ್. ಒಂದೂವರೆ ವರ್ಷದೊಳಗೆ ನಿಂತ ಬಸಿರಿನಲ್ಲಿ ಎಷ್ಟು ಮಕ್ಕಳು ಹುಟ್ಟಿದವು ಎಂದು ಎಣಿಸಿದರು. ನೋಡಿಸಿಕೊಂಡವರಲ್ಲಿ ಶೇ 57, ನೋಡಿಸಿಕೊಳ್ಳದವರಲ್ಲಿ ಶೇ 54. ಸಂಖ್ಯಾಶಾಸ್ತ್ರದ ಪ್ರಕಾರ ಅದು ವ್ಯತ್ಯಾಸವೇ ಅಲ್ಲ.

ಇನ್ನೊಂದರ ಹೆಸರು ಟ್ರೋಫಿ. ಬ್ರಿಟನ್, ಬೆಲ್ಜಿಯಂ, ಇಟಲಿ, ಜೆಕ್ ಗಣರಾಜ್ಯಗಳ ಎಂಟು ಆಸ್ಪತ್ರೆಗಳು, 702 ಹೆಂಗಸರು. ಇವರು ಎರಡರಿಂದ ನಾಲ್ಕು ಸಲ ಐವಿಎಫ್ ಸೋತವರು, ಅಂದರೆ ಟರ್ಕಿ ಮತ್ತು ವಿಶಾಖಪಟ್ಟಣದಲ್ಲಿ ಲಾಭ ಕಂಡಿತ್ತೆನ್ನುವ ಅದೇ ಗುಂಪು. ಒಳಗೆ ನೋಡಿಸಿಕೊಂಡ 350 ಮಂದಿಯಲ್ಲಿ 102 ಹೆರಿಗೆ. ನೋಡಿಸಿಕೊಳ್ಳದ 352 ಮಂದಿಯಲ್ಲಿ 102 ಹೆರಿಗೆ. ಎರಡೂ ಕಡೆ ಶೇ 29. ಆ 102 ಮತ್ತು 102ನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೆ ಮುಂಚಿನ ವರ್ಷಗಳಲ್ಲಿ ನಾನು ಥಿಯೇಟರಿಗೆ ಕರೆದುಕೊಂಡು ಹೋದವರ ಪಟ್ಟಿ ನನ್ನದೇ ರಿಜಿಸ್ಟರಿನಲ್ಲಿತ್ತು.

ಹಳೆಯ ಅಧ್ಯಯನಗಳು ಹಾಗಾದರೆ ಸುಳ್ಳೇ? ಸುಳ್ಳು ಅನ್ನುವುದಿಲ್ಲ. ಒಂದೇ ಕೇಂದ್ರದಲ್ಲಿ, ಯಾರಿಗೆ ಯಾವ ಪಾಲು ಎಂಬುದನ್ನು ಬಿಗಿಯಾಗಿ ಮುಚ್ಚಿಡದೆ ಮಾಡಿದ ಅಧ್ಯಯನದಲ್ಲಿ ನಮ್ಮ ಆಸೆಯೂ ಲೆಕ್ಕದೊಳಗೆ ನುಸುಳುತ್ತದೆ. ನಮ್ಮ ವಿಭಾಗದಲ್ಲಿ ಇದು ಹೊಸತೂ ಅಲ್ಲ. ಐವಿಎಫ್‌ಗೆ ಮುಂಚೆ ಗರ್ಭಕೋಶದ ಒಳಪದರವನ್ನು ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಅಂತ 2003ರಲ್ಲಿ ಇಸ್ರೇಲಿನಿಂದ 134 ಹೆಂಗಸರ ವರದಿ ಬಂದದ್ದೇ ತಡ, ಊರೂರಲ್ಲಿ ಗೀರುವುದು ಶುರುವಾಯಿತು. 2019ರಲ್ಲಿ 1,364 ಹೆಂಗಸರ ಮೇಲೆ ಸರಿಯಾಗಿ ಪರೀಕ್ಷಿಸಿದಾಗ ಗೀರಿದವರಲ್ಲೂ ಗೀರದವರಲ್ಲೂ ಹೆರಿಗೆ ಶೇ 26.1. ಹದಿನಾರು ವರ್ಷ ನಾವು ಸುಮ್ಮನೆ ಗೀರಿದೆವು.

ನೋಡಿದಾಗ ಏನೋ ಕಾಣುತ್ತದೆ, ಸರಿ. ಕಂಡದ್ದೇ ಮಗು ಆಗದಿರುವುದಕ್ಕೆ ಕಾರಣ ಅಂತ ಹೇಗೆ ಹೇಳುತ್ತೀರಿ? ಈ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಮೂರು ಮಕ್ಕಳ ತಾಯಿಗೆ ಬೇರೇನಕ್ಕೋ ಕ್ಯಾಮೆರಾ ಹಾಕಿದಾಗಲೂ ಪಾಲಿಪ್ಪು ಕಂಡಿದೆ, ನಡುಗೋಡೆ ಕಂಡಿದೆ. ಆದರೆ ಮಗುವಿಗಾಗಿ ಕಾಯುತ್ತಿರುವವಳಲ್ಲಿ ಕಂಡರೆ ಅದು ಆ ಕ್ಷಣವೇ ಅಪರಾಧಿ.

ನಡುಗೋಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕೈ ಅತಿ ಬೇಗ ಕತ್ತರಿಗೆ ಹೋಗುವುದು ಅಲ್ಲೇ. ತಾಯಿಯ ಹೊಟ್ಟೆಯಲ್ಲಿರುವಾಗ ಹೆಣ್ಣುಶಿಶುವಿನ ಗರ್ಭಕೋಶ ಎರಡು ನಾಳಗಳಾಗಿ ಹುಟ್ಟಿ ಆಮೇಲೆ ಒಂದಾಗುತ್ತದೆ. ನಡುವಿನ ಗೋಡೆ ಕರಗಬೇಕು. ಕೆಲವರಲ್ಲಿ ಪೂರ್ತಿ ಕರಗದೆ ಮೇಲಿನಿಂದ ಸ್ವಲ್ಪ ಇಳಿಬಿದ್ದಿರುತ್ತದೆ. ಎಷ್ಟು ಇಳಿಬಿದ್ದರೆ ಅದು ದೋಷ? ಯುರೋಪಿನ ಸಂಘಗಳು 2013ರಲ್ಲಿ ಒಂದು ಅಳತೆ ಹೇಳಿದವು, ಅಮೆರಿಕದ ಸಂಘ 2016ರಲ್ಲಿ ಬೇರೊಂದು. ಒಬ್ಬಳೇ ಹೆಂಗಸು, ಒಂದೇ ಗರ್ಭಕೋಶ. ಒಂದು ಪುಸ್ತಕ ತೆರೆದರೆ ಅವಳಿಗೆ ದೋಷವಿದೆ, ಇನ್ನೊಂದು ತೆರೆದರೆ ಇಲ್ಲ. ಇಂಥ ಅಸ್ಪಷ್ಟತೆಯ ಮೇಲೆ ದಶಕಗಳ ಕಾಲ ನಾವು ಕತ್ತರಿ ಆಡಿಸಿದೆವು. ಕೊನೆಗೆ 2021ರಲ್ಲಿ ಟ್ರಸ್ಟ್ ಎಂಬ ಅಧ್ಯಯನ ಬಂತು. ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕ, ಇರಾನ್‌ಗಳ ಹತ್ತು ಕೇಂದ್ರಗಳು ಸೇರಿದರೂ 80 ಮಂದಿ ಸಿಕ್ಕುವ ಹೊತ್ತಿಗೆ ಎಂಟು ವರ್ಷ ಹಿಡಿಯಿತು. ಗೋಡೆ ಕತ್ತರಿಸಿದವರಲ್ಲಿ ಶೇ 31 ಹೆರಿಗೆ, ಹಾಗೇ ಬಿಟ್ಟವರಲ್ಲಿ ಶೇ 35. ಸಣ್ಣ ಅಧ್ಯಯನ, ಕೊನೆಯ ಮಾತಲ್ಲ, ಒಪ್ಪುತ್ತೇನೆ. ಆದರೆ ಕತ್ತರಿಸುವುದರಿಂದ ಲಾಭ ಎಂದು ತೋರಿಸಬೇಕಾದ ಹೊಣೆ ಕತ್ತರಿಸುವವರ ಮೇಲಿದೆ. ಗಾಯವಾದ ಒಳಪದರ ಕೆಲವರಲ್ಲಿ ಅಂಟಿಕೊಳ್ಳುತ್ತದೆ. ಇಲ್ಲದ ದೋಷವನ್ನು ತೆಗೆಯಲು ಹೋಗಿ ಇದ್ದ ಜಾಗವನ್ನೂ ಕೆಡಿಸಿದ ಪ್ರಸಂಗ ಈ ವೃತ್ತಿಯಲ್ಲಿರುವ ಯಾರಿಗೂ ಅಪರಿಚಿತವಲ್ಲ.

ಪಾಲಿಪ್ಪಿನ ಕತೆ ಬೇರೆ. 2005ರಲ್ಲಿ ಮ್ಯಾಡ್ರಿಡ್‌ನಲ್ಲಿ 215 ಹೆಂಗಸರ ಅಧ್ಯಯನ ನಡೆಯಿತು. ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವ ಐಯುಐ ಚಿಕಿತ್ಸೆಗೆ ಮುಂಚೆ ಪಾಲಿಪ್ ತೆಗೆದವರಲ್ಲಿ ಶೇ 63 ಬಸಿರು, ತೆಗೆಯದವರಲ್ಲಿ ಶೇ 28. ನನ್ನ ವಾದದ ವಿರುದ್ಧ ಇದನ್ನು ತಂದು ನಿಲ್ಲಿಸುತ್ತಾರೆ. ಆದರೆ ಆ ಪಾಲಿಪ್ಪುಗಳು ಮೊದಲು ಕಂಡದ್ದು ಸ್ಕ್ಯಾನಿಂಗಿನಲ್ಲಿ. ಸ್ಕ್ಯಾನಿನಲ್ಲಿ ಕಂಡರೆ ಒಳಗೆ ಹೋಗಿ ತೆಗೆಯಿರಿ, ನಾನೂ ತೆಗೆಯುತ್ತೇನೆ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವಳು, ಎರಡು ಮೂರು ಸಲ ಗರ್ಭಪಾತವಾದವಳು, ಹಿಂದೆ ಗರ್ಭಕೋಶ ಕೆರೆಯುವ ಡಿ ಅಂಡ್ ಸಿ ಆದ ಮೇಲೆ ಮುಟ್ಟು ಕಡಿಮೆಯಾದವಳು, ಸ್ಕ್ಯಾನಿನಲ್ಲಿ ಫೈಬ್ರಾಯ್ಡ್ ಗಡ್ಡೆ ಒಳಗೋಡೆಯನ್ನು ಒತ್ತುತ್ತಿರುವವಳು, ಇವರಿಗೆಲ್ಲ ಒಳಗೆ ನೋಡದಿರುವುದೇ ತಪ್ಪು. ನಾನು ಮಾತಾಡುತ್ತಿರುವುದು ಇವರಾರ ಬಗ್ಗೆಯೂ ಅಲ್ಲ. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವ, ಸ್ಕ್ಯಾನ್ ಸರಿಯಿರುವ, ಟ್ಯೂಬು ತೆರೆದಿರುವ ಹೆಣ್ಣುಮಗಳ ಬಗ್ಗೆ. ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಸ್ಥೆ ಎಶ್ರೆ 2023ರ ಮಾರ್ಗಸೂಚಿಯಲ್ಲಿ ಅವಳ ಬಗ್ಗೆಯೇ ಹೇಳಿದೆ: ಒಳ್ಳೆಯ ಸ್ಕ್ಯಾನ್, ಸಾಧ್ಯವಾದರೆ ತ್ರೀ-ಡಿ, ಮಾಡಿ, ಅದರಲ್ಲಿ ಗರ್ಭಕೋಶದ ಒಳಗು ಸರಿಯಿದ್ದರೆ ಅಲ್ಲಿಗೆ ಸಾಕು. ಬ್ರಿಟನ್ನಿನ ನೈಸ್ ಸಂಸ್ಥೆ ಮೊದಲ ಹಂತದ ತಪಾಸಣೆಯಲ್ಲಿ ಇದನ್ನು ಮಾಡಬೇಡಿ ಎಂದು 2004ರಲ್ಲೇ ಹೇಳಿತ್ತು.

"ಅದೆಲ್ಲ ಬಿಳಿಯರ ಲೆಕ್ಕ. ನಮ್ಮಲ್ಲಿ ಟಿಬಿ ಇದೆ." ನಾನು ಈ ವಿಷಯ ಎತ್ತಿದಾಗಲೆಲ್ಲ ಸಹೋದ್ಯೋಗಿಗಳು ಹೇಳುವ ಮಾತಿದು. ಇದು ಹುರುಳಿಲ್ಲದ ಮಾತಲ್ಲ. ಗರ್ಭಕೋಶ ಮತ್ತು ಟ್ಯೂಬುಗಳ ಕ್ಷಯ ಈ ದೇಶದಲ್ಲಿ ಎಷ್ಟೋ ಹೆಂಗಸರ ಮಡಿಲು ಬರಿದು ಮಾಡಿದೆ. ಒಳಪದರವೆಲ್ಲ ಅಂಟಿಕೊಂಡು, ಮುಟ್ಟು ಒಂದು ದಿನದ ಕಲೆಯಷ್ಟಕ್ಕೆ ಇಳಿದು ಬಂದವರನ್ನು ನೋಡಿದ್ದೇನೆ. ಆದರೆ ಟಿಬಿ ಎಲ್ಲಿಂದ ಶುರುವಾಗುತ್ತದೆ? ಹೆಚ್ಚುಕಡಿಮೆ ಯಾವಾಗಲೂ ಟ್ಯೂಬಿನಿಂದ. ಅಲ್ಲಿಂದ ಗರ್ಭಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಗರ್ಭಕೋಶವನ್ನು ದಿಟ್ಟಿಸುವುದಕ್ಕಿಂತ ಟ್ಯೂಬ್ ಟೆಸ್ಟಿನ ಫಿಲ್ಮನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದುವುದು ಹೆಚ್ಚು ಫಲಕೊಡುವ ಕೆಲಸ. ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ, ಚಿಕ್ಕಂದಿನಲ್ಲಿ ಕುತ್ತಿಗೆಯ ಗಂಟಿಗೆ ಮಾತ್ರೆ ತೆಗೆದುಕೊಂಡಿದ್ದೀಯಾ, ಮುಟ್ಟು ಯಾವಾಗಿನಿಂದ ಕಡಿಮೆಯಾಯಿತು ಎಂದು ಕೇಳಲು ಹತ್ತು ನಿಮಿಷ ಸಾಕು. ಅನುಮಾನ ಬಂದರೆ ಒಳಪದರದ ಚೂರನ್ನು ಹೊರರೋಗಿ ವಿಭಾಗದಲ್ಲೇ ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ತೆಗೆಯಬಹುದು, ಅದಕ್ಕೆ ಕ್ಯಾಮೆರಾ ಬೇಡ.

ಅನುಮಾನವೇ ಇಲ್ಲದೆ ಎಲ್ಲರ ಒಳಪದರವನ್ನೂ ಕೆರೆದು ಕಳಿಸುವುದು ನಮ್ಮಲ್ಲೇ ಹೆಚ್ಚು ನಡೆಯುವ ಅನಾಹುತ. ಆ ಚೂರಿನಲ್ಲಿ ಟಿಬಿ ಹುಡುಕುವ ಪಿಸಿಆರ್ ಎಂಬ ಪರೀಕ್ಷೆ ಬಹಳ ಸೂಕ್ಷ್ಮ. ಸತ್ತ ಕ್ರಿಮಿಯ ಚೂರು, ಲ್ಯಾಬಿನ ಕಲಬೆರಕೆ, ಎಲ್ಲಕ್ಕೂ ಪಾಸಿಟಿವ್ ಅನ್ನಬಲ್ಲದು. ಅದೊಂದರಿಂದಲೇ ರೋಗ ಇದೆ ಎಂದು ತೀರ್ಮಾನಿಸುವಂತಿಲ್ಲ. ಆದರೂ ಅದೊಂದೇ ಕಾಗದ ಹಿಡಿದು ಆರು ತಿಂಗಳ ಟಿಬಿ ಮಾತ್ರೆ ನುಂಗಿದ ಹೆಂಗಸರು ನನ್ನಲ್ಲಿಗೆ ಬಂದಿದ್ದಾರೆ. ಕಿತ್ತಳೆ ಬಣ್ಣದ ಮೂತ್ರ, ವಾಂತಿ, ಕೆಲವರಿಗೆ ಕಾಮಾಲೆ. ಊರಲ್ಲಿ ಸುದ್ದಿಯಾಗಿ, ಊಟದ ತಟ್ಟೆ ಬೇರೆ ಇಟ್ಟ ಮನೆಯೂ ಇದೆ. ನೋಡಿದರೆ ನಷ್ಟವೇನಿಲ್ಲ ಎನ್ನುವವರು ಆ ತಟ್ಟೆಯನ್ನು ಯಾವ ಲೆಕ್ಕಕ್ಕೆ ಬರೆಯುತ್ತಾರೆ?

ಕಾಲದ ನಷ್ಟ ಇನ್ನೊಂದು. ಹಿಸ್ಟರೋಸ್ಕೋಪಿ ಆ ತಿಂಗಳ ಮುಟ್ಟು ಮುಗಿದ ಮೇಲೆ, ಅಂಡಾಣು ಬಿಡುಗಡೆಯಾಗುವ ಮುಂಚೆ ಆಗಬೇಕು. ದುಡ್ಡು ಹೊಂದಿಸಲು ಒಂದು ತಿಂಗಳು, ದಿನ ತಪ್ಪಿದರೆ ಇನ್ನೊಂದು, ರಿಪೋರ್ಟಿಗೆ ಮತ್ತೊಂದು, ಏನೋ ಸಣ್ಣದು ಕಂಡರೆ ಹಾರ್ಮೋನು ಮಾತ್ರೆ ನುಂಗುತ್ತಾ ಎರಡು. 37 ವಯಸ್ಸಿನ ಹೆಂಗಸಿಗೆ ಆ ಐದು ತಿಂಗಳ ಬೆಲೆ ಏನೆಂದು ನಮಗೆ ಗೊತ್ತು. 28ರ ಹುಡುಗಿಯ ವಿಷಯದಲ್ಲಿ ನಮಗೆ ಗೊತ್ತಿರಬೇಕಾದ್ದು ಬೇರೆ. 2006ರಲ್ಲಿ, ಮತ್ತೆ ನೆದರ್ಲೆಂಡ್ಸಿನಲ್ಲೇ, ಕಾರಣ ಸಿಗದ 253 ದಂಪತಿಗಳನ್ನು ಎರಡು ಪಾಲು ಮಾಡಿ ಅರ್ಧ ಜನಕ್ಕೆ ಇಂಜೆಕ್ಷನ್ ಸಹಿತ ಐಯುಐ ಮಾಡಿದರು, ಇನ್ನರ್ಧಕ್ಕೆ ಆರು ತಿಂಗಳು ಏನೂ ಮಾಡಲಿಲ್ಲ. ತಾನಾಗಿಯೇ ಆಗುವ ಸಾಧ್ಯತೆ ತಕ್ಕಮಟ್ಟಿಗೆ ಇದ್ದ ದಂಪತಿಗಳು ಇವರು. ಚಿಕಿತ್ಸೆ ಪಡೆದವರಲ್ಲಿ ಶೇ 23 ಬಸಿರು ಮುಂದುವರಿಯಿತು, ಸುಮ್ಮನೆ ಕಾದವರಲ್ಲಿ ಶೇ 27. ಕಾಯಿರಿ ಎಂದು ಹೇಳುವುದಕ್ಕೆ ನಾವು ಶುಲ್ಕ ಹಾಕುವುದು ಕಷ್ಟ, ಅದಕ್ಕೇ ಆ ಮಾತು ನಮ್ಮ ಬಾಯಿಂದ ಹೊರಡುವುದೂ ಕಷ್ಟ.

ಟ್ಯೂಬ್ ಟೆಸ್ಟಿನ ಬಗ್ಗೆ ಒಂದು ಮಾತು. ಎಕ್ಸ್‌ರೇ ಕೋಣೆಯಲ್ಲಿ ಬಣ್ಣದ ದ್ರವ ಬಿಟ್ಟು ಟ್ಯೂಬು ತೆರೆದಿದೆಯೇ ಎಂದು ನೋಡುವ ಹಳೆಯ ಪರೀಕ್ಷೆ ಅದು. 2017ರಲ್ಲಿ 1,119 ಹೆಂಗಸರ ಅಧ್ಯಯನದಲ್ಲಿ ನೀರಿನಂಥ ದ್ರವದ ಬದಲು ಎಣ್ಣೆಯಂಥ ದ್ರವ ಬಿಟ್ಟವರಲ್ಲಿ ಹೆರಿಗೆ ಶೇ 28.1ರಿಂದ 38.8ಕ್ಕೆ ಏರಿತು. ಆ ಎಣ್ಣೆಯಲ್ಲಿ ಅಯೋಡಿನ್ ಹೆಚ್ಚಿರುವುದರಿಂದ ಥೈರಾಯ್ಡಿನ ಮೇಲೆ ಕಣ್ಣಿಡಬೇಕು, ಅದು ಬೇರೆ ಮಾತು. ಆದರೆ ಥಿಯೇಟರಿಲ್ಲದ, ಅರಿವಳಿಕೆಯಿಲ್ಲದ, ನಿಜಕ್ಕೂ ಮಗುವಿನ ಸಂಖ್ಯೆ ಹೆಚ್ಚಿಸಿದ ಒಂದು ಪರೀಕ್ಷೆ ಮೂಲೆಯಲ್ಲಿ ಕೂತಿದೆ, ಹೆಚ್ಚಿಸದ ಪರೀಕ್ಷೆ ಎಲ್ಲರ ಚೀಟಿಯಲ್ಲೂ ಇದೆ.

ಏಕೆ ಹೀಗೆ? ದುಡ್ಡಿಗಾಗಿ ಎಂದು ಹೇಳಿ ಮುಗಿಸುವುದು ಸುಲಭ. ದುಡ್ಡು ಇದೆ, ಇಲ್ಲವೆನ್ನಲಾರೆ. ಆದರೆ ನಾನು ದುಡ್ಡಿಗಾಗಿ ಮಾಡಿರಲಿಲ್ಲ, ನನ್ನಂಥ ಎಷ್ಟೋ ಮಂದಿಯೂ ದುಡ್ಡಿಗಾಗಿ ಮಾಡುವುದಿಲ್ಲ. ಬೇರು ಇನ್ನೂ ಕೆಳಗಿದೆ. ಮಗು ಆಗಲಿಲ್ಲವೆಂದರೆ ನಮ್ಮ ಕಣ್ಣು ಮೊದಲು ಹೋಗುವುದು ಹೆಣ್ಣಿನ ಹೊಟ್ಟೆಗೆ. ಬಂಜೆ ಎಂಬ ಮಾತಿಗೆ ನಮ್ಮ ಆಡುಮಾತಿನಲ್ಲಿ ಗಂಡಿನ ರೂಪವೇ ಇಲ್ಲ. ಷಂಡ ಎನ್ನುವುದು ಬೇರೆಯದೇ ಅರ್ಥದ ಬೈಗುಳ. ನಮ್ಮ ಅಜ್ಜಿಯರ ಕಾಲಕ್ಕೆ ಮಕ್ಕಳಾಗದವಳಿಗೆ ಗರ್ಭಕೋಶ "ಕ್ಲೀನ್" ಮಾಡಿಸಿ ಅಂತ ಹೇಳುವುದು ವಾಡಿಕೆಯಾಯಿತು, ಆ ಕ್ಲೀನು ಅಂದರೆ ಡಿ ಅಂಡ್ ಸಿ. ಒಳಗೆ ಕೊಳೆ ಇದೆ, ಕೆರೆದರೆ ಬೀಜ ನಿಲ್ಲುತ್ತದೆ ಎಂಬ ನಂಬಿಕೆ. ಅತಿಯಾಗಿ ಕೆರೆದ ಗರ್ಭಕೋಶ ಅಂಟಿಕೊಂಡು ಮುಟ್ಟೇ ನಿಲ್ಲಬಹುದೆಂದು ಆಶರ್ಮನ್ 1948ರಲ್ಲಿ ಬರೆದ ಮೇಲೂ ಆ ವಾಡಿಕೆ ಎಷ್ಟೋ ದಶಕ ಉಳಿಯಿತು. ಈಗಿನ ಕ್ಯಾಮೆರಾ ಆ ಹಳೆಯ ಕೆರೆಯುವ ಚಮಚದ ಜಾಗಕ್ಕೆ ಬಂದು ನಿಂತಿದೆ. ಸಾಧನ ನಾಜೂಕಾಯಿತು, ಅನುಮಾನ ಹಾಗೇ ಇದೆ. ಕಲಬುರಗಿ ಜಿಲ್ಲೆಯಲ್ಲಿ ಬೆನ್ನುನೋವು, ಬಿಳಿಸೆರಗು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನೇ ತೆಗೆದುಹಾಕಿದ ಸಂಗತಿ ದಶಕದ ಹಿಂದೆ ಹೊರಬಿತ್ತು. ಆ ಅಪರಾಧಕ್ಕೂ ಇದಕ್ಕೂ ಅಜಗಜಾಂತರ, ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಿಲ್ಲ. ಆದರೆ ಹೆಣ್ಣಿನ ಯಾವ ಕಷ್ಟಕ್ಕೂ ಗರ್ಭಕೋಶವನ್ನೇ ಮೊದಲ ಆರೋಪಿಯಾಗಿ ನಿಲ್ಲಿಸುವ ಅಭ್ಯಾಸ ಎರಡು ಕಡೆಯೂ ಒಂದೇ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನದೂ ಪಾಲಿರುತ್ತದೆ. ವೀರ್ಯ ಪರೀಕ್ಷೆಗೆ ಬೇಕಾದ್ದು ಒಂದು ಡಬ್ಬಿ, ಒಂದು ಮೈಕ್ರೋಸ್ಕೋಪು, ಕಲಿತ ಒಬ್ಬ ತಂತ್ರಜ್ಞ, ಎರಡು ಮೂರು ದಿನದ ಸಂಯಮ. ಅದು ಆಗದೆ ಯಾವ ದಂಪತಿಗೂ "ಕಾರಣ ಗೊತ್ತಿಲ್ಲ" ಎಂದು ಬರೆಯುವ ಹಕ್ಕು ನಮಗಿಲ್ಲ. ಕಾರಣ ಗೊತ್ತಾಗದ ಬಂಜೆತನ ಎಂಬುದರ ವ್ಯಾಖ್ಯೆಯಲ್ಲೇ ಗಂಡಸಿನ ಪರೀಕ್ಷೆ ಸರಿಯಿದೆ ಎಂಬುದು ಸೇರಿದೆ. ಆದರೆ ಗಂಡ ಬರುವುದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ, ನಾವು ಒತ್ತಾಯಿಸುವುದಿಲ್ಲ. ಎದುರಿಗೆ ಕೂತಿರುವವಳು ಹೆಂಡತಿ, ಆದ್ದರಿಂದ ಮತ್ತೊಂದು ಪರೀಕ್ಷೆಯೂ ಅವಳಿಗೇ.

ಕಡೆಯ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು, ಏಕೆಂದರೆ ಅದು ವೈದ್ಯರದಲ್ಲ. "ಮನಸ್ಸಿಗೆ ಒಂದು ಸಮಾಧಾನ ಮೇಡಂ, ನೋಡಿಬಿಡಿ" ಎನ್ನುತ್ತಾರೆ ಹೆಂಗಸರೇ. ಎಲ್ಲ ಸರಿಯಿದೆ, ಆದರೂ ಆಗುತ್ತಿಲ್ಲ ಎನ್ನುವ ಉತ್ತರದಷ್ಟು ಕ್ರೂರವಾದದ್ದು ಇನ್ನೊಂದಿಲ್ಲ. ದೋಷ ಸಿಕ್ಕರೆ ಮದ್ದಾದರೂ ಇದೆ. ಸೀಮಂತಕ್ಕೆ ಕರೆಯದ ನಾದಿನಿ, ತೊಟ್ಟಿಲ ಶಾಸ್ತ್ರದಲ್ಲಿ ಹಿಂದೆ ನಿಲ್ಲಿಸುವ ನೆಂಟರು, ಇವರಿಗೆಲ್ಲ ಹೇಳಲು ಒಂದು ಹೆಸರಾದರೂ ಸಿಗುತ್ತದೆ. ಈ ಹಂಬಲವನ್ನು ನಾನು ಹಗುರವಾಗಿ ನೋಡಲಾರೆ. ಆದರೆ ನನ್ನ ಅನುಭವದಲ್ಲಿ ನಾರ್ಮಲ್ ಎಂಬ ರಿಪೋರ್ಟು ತಂದ ಸಮಾಧಾನ ಒಂದೆರಡು ತಿಂಗಳಿಗಿಂತ ಹೆಚ್ಚು ಬಾಳಿಲ್ಲ. ಮುಂದಿನ ಮುಟ್ಟು ಬಂದ ದಿನ ಅದು ಮುಗಿಯುತ್ತದೆ. ಆಮೇಲೆ ಇನ್ನೊಂದು ಊರು, ಇನ್ನೊಂದು ಸಿಡಿ. ಏನೋ ಸಣ್ಣದು ಸಿಕ್ಕರೆ ಇನ್ನೂ ಕಷ್ಟ: ಅದನ್ನು ತೆಗೆದ ಮೇಲೂ ಆಗದಿದ್ದರೆ, ನನ್ನ ಗರ್ಭಕೋಶವೇ ಸರಿಯಿಲ್ಲ ಎಂಬ ಮಾತು ಅವಳೊಳಗೆ ಜೀವಮಾನಕ್ಕೆ ಕೂತುಬಿಡುತ್ತದೆ.

ಅರಸೀಕೆರೆಯ ಆ ಹೆಣ್ಣುಮಗಳಿಗೆ ಮೂರನೇ ಕ್ಯಾಮೆರಾ ಬೇಡ ಎಂದೆ. ಸ್ಕ್ಯಾನ್ ನಾನೇ ಮಾಡಿದೆ, ಪರದೆಯನ್ನು ಅವಳ ಕಡೆಗೂ ಅತ್ತೆಯ ಕಡೆಗೂ ತಿರುಗಿಸಿ. ಒಳಪದರ ಮೂರು ಗೆರೆಯಾಗಿ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಬೆರಳಿಟ್ಟು ತೋರಿಸಿದೆ. ಆಮೇಲೆ ಅತ್ತೆಯನ್ನೇ ಕೇಳಿಕೊಂಡೆ, ಮಗನನ್ನು ಒಳಗೆ ಕಳಿಸಿ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಎದ್ದು ಹೋಗಿ ಕರೆತಂದರು. ಆ ಹುಡುಗ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಲೇ ಎಲ್ಲ ಕೇಳಿಸಿಕೊಂಡ. ಚೀಟಿ ಬರೆದುಕೊಟ್ಟೆ, ಮಡಿಸಿ ಜೇಬಿಗೆ ಹಾಕಿಕೊಂಡ. ಎಲ್ಲರೂ ಬಾಗಿಲವರೆಗೆ ಹೋದ ಮೇಲೆ ಅವಳು ಒಬ್ಬಳೇ ವಾಪಸು ಬಂದಳು.

"ಮೇಡಂ, ಗರ್ಭಕೋಶ ಸರಿಯಾಗಿದೆ ಅಂತ ಒಂದು ಕಾಗದದಲ್ಲಿ ಬರ್ಕೊಡ್ತೀರಾ? ಇಂಗ್ಲಿಷ್ ಬೇಡ, ಕನ್ನಡದಲ್ಲಿ."

ಲೆಟರ್‌ಹೆಡ್ ಎಳೆದುಕೊಂಡು ಬರೆದೆ, ಸಹಿ ಹಾಕಿ ಸೀಲು ಒತ್ತಿದೆ. ಶಾಯಿ ಆರುವ ತನಕ ಅವಳು ಅಲ್ಲೇ ನಿಂತು ಆ ಎರಡು ಸಾಲನ್ನು ಓದುತ್ತಿದ್ದಳು. ಓದಿಯಾದ ಮೇಲೆ ಕಾಗದವನ್ನು ಆ ಕೈಚೀಲಕ್ಕೆ ಹಾಕಲಿಲ್ಲ. ಪರ್ಸು ತೆಗೆದು, ಗಿರವಿ ರಸೀದಿಯ ಪಕ್ಕದಲ್ಲಿ ಇಟ್ಟುಕೊಂಡಳು.